ಗಿಡ್ಡಮ್ಮನಿಗೇ ಗಿಡ್ಡಮ್ಮನನ್ನು ಕರೆತರಲು ಹೇಳಿದವರಿಗೆ

ಮಾನ್ಯ ಸಬ್‌ರಿಜಿಸ್ಟ್ರಾರರೇ,

ಎದುರಿಗೆ ನಿಂತ ಗಿಡ್ಡಮ್ಮನಿಗೆ ‘ಹೋಗಿ ಗಿಡ್ಡಮ್ಮನನ್ನು ಕರೆದುಕೊಂಡು ಬಾ’ ಎಂದು ಹೇಳಿ ಮೂರು ಸಲ ವಾಪಸು ಕಳಿಸಿದ ಕೀರ್ತಿ ತಮ್ಮದು. ತಮ್ಮ ಕಚೇರಿ ಯಾವ ಊರಿನದೆಂದು ಇಲ್ಲಿ ಬರೆಯುವುದಿಲ್ಲ. ಹೆಸರಿನಿಂದ ಆದ ತಾಪತ್ರಯವೇ ಸಾಕಷ್ಟಿದೆ.

ಆಕೆ ನನ್ನ ಚಿಕ್ಕಮ್ಮ. ಕಳಸದ ಹತ್ತಿರದ ತವರಿನಲ್ಲಿ ಗಿಡ್ಡಮ್ಮ. ಮದುವೆಯಾಗಿ ಮೂಡಿಗೆರೆ ಕಡೆಗೆ ಬಂದರೆ ಅತ್ತೆಯ ಹೆಸರೂ ಗಿಡ್ಡಮ್ಮ. ಸೊಸೆಯನ್ನು ಕೂಗಿ ಬೈದರೆ ತನ್ನನ್ನೇ ಬೈದುಕೊಂಡಂತೆ ಆಗಬಾರದಲ್ಲ? ಹೊಸಿಲು ದಾಟಿದ ದಿನವೇ ಅತ್ತೆ ಆಕೆಯನ್ನು ಸಿದ್ದಗಂಗಮ್ಮ ಮಾಡಿದರು. ಆಕೆಯ ಗುರುತಿನ ಚೀಟಿಯಲ್ಲೂ ಈಗ ಅದೇ ಹೆಸರು. ಹೆಸರು ಎರಡಾಯಿತು, ಉಸಿರು ಒಂದೇ ಉಳಿಯಿತು. ಎಂಟು ವರ್ಷದ ಹಿಂದೆ ತವರಿನ ಪಾಲುಪತ್ರವಾದಾಗ ಅಲ್ಲಿಯವರು ತಾವು ಕರೆಯುವ ಹೆಸರನ್ನೇ ಬರೆಸಿದರು. ಗಿಡ್ಡಮ್ಮನೆಂದೇ ಆಕೆ ಹೆಬ್ಬೆಟ್ಟು ಒತ್ತಿದ್ದು, ಅದೂ ತಮ್ಮ ಕಚೇರಿಯಲ್ಲೇ. ಆಗ ಪಾಲಿಗೆ ಬಂದ ಮುಕ್ಕಾಲು ಎಕರೆ ಕಾಫಿ ತೋಟವನ್ನು ಈಗ ವಿಧವೆ ಮಗಳು ತುಂಗಮ್ಮನಿಗೆ ಬರೆದುಕೊಡಬೇಕು. ಚಿಕ್ಕಮ್ಮನ ಎದೆನೋವು ನೋಡಿ ಡಾಕ್ಟರು ಬೇಗ ಮುಗಿಸಿಕೊಳ್ಳಿ ಎಂದಿದ್ದಾರೆ. ಪತ್ರವಾಗದೆ ಆಕೆ ಕಣ್ಣು ಮುಚ್ಚಿದರೆ, ‘ಗಿಡ್ಡಮ್ಮನ ಜಮೀನಿಗೆ ಸಿದ್ದಗಂಗಮ್ಮನ ಮಗಳು ಯಾರು’ ಎಂದು ಕೇಳಲು ದಾಯಾದಿಗಳು ಬೇಲಿಯ ಆಚೆಗೇ ಕಾದಿದ್ದಾರೆ.

ಗುರುತಿನ ಸಾಕ್ಷಿ ಬೇಕೆಂದಿರಿ. ಗಂಡನ ಊರಿನ ಶಿವಯ್ಯನವರು ಬಂದು ಈಕೆ ಸಿದ್ದಗಂಗಮ್ಮ ಎಂದರು. ತವರಿನ ಸೂಲಗಿತ್ತಿ ಭಾಗಮ್ಮ ಬಂದು, ಈಕೆ ಗಿಡ್ಡಮ್ಮ, ಹೊಕ್ಕುಳು ಕೊಯ್ದದ್ದೇ ತಾನು ಎಂದಳು. ಒಬ್ಬೊಬ್ಬರಿಗೆ ಒಂದೊಂದೇ ಹೆಸರು ಗೊತ್ತೆಂದು ಇಬ್ಬರನ್ನೂ ತಳ್ಳಿಹಾಕಿದಿರಿ. ಎರಡೂ ಬಲ್ಲ ನಾನು ಸಂಬಂಧಿಕ, ಆದ್ದರಿಂದ ಸುಳ್ಳ. ಅದೇ ಹೊತ್ತಿಗೆ ಎಸ್ಟೇಟಿನ ಸಾಹುಕಾರರೊಬ್ಬರು ಕಾರಿನಿಂದಿಳಿದರು. ಅವರ ಗುರುತಿಗೆ ಅವರ ಕಾರೇ ಸಾಕ್ಷಿಯಾಯಿತು. ತಾವು ಎದ್ದು ನಿಂತು ಕುರ್ಚಿ ಒರೆಸಿದಿರಿ.

ಕೊನೆಗೆ, ಹೆಸರು ಬದಲಿಸಿದವರೇ ಬಂದು ಹೇಳಲಿ ಎಂದು ಅಪ್ಪಣೆ ಕೊಡಿಸಿದಿರಿ. ಆ ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಚಿಕ್ಕಮ್ಮ ಗೋಡೆ ಹಿಡಿದುಕೊಂಡೇ ಹೇಳಿದಳು:

“ಅವ್ರು ಬರಾದೇನೋ ಬಂದಾರು ಸ್ವಾಮಿ. ಬಂದ್ರೆ ನನ್ನ ಕರ್ಕೊಂಡೇ ಹೋಗ್ತಾರೆ. ಆಮೇಲೆ ನಿಮ್ ಕಾಗ್ದಕ್ಕೆ ಹೆಬ್ಬೆಟ್ ಒತ್ತೋರ್ಯಾರು?”

ಗುಮಾಸ್ತರೂ ನಕ್ಕರು. ತಾವು ನಗಲಿಲ್ಲ, ನಗಲು ಮೇಲಿನವರ ಮಂಜೂರಾತಿ ಬಂದಿರಲಿಲ್ಲವೇನೋ. ಎಂಟು ವರ್ಷದ ಹಿಂದಿನ ಹೆಬ್ಬೆಟ್ಟಿನ ಪುಸ್ತಕ ತಮ್ಮ ಬೆನ್ನ ಹಿಂದಿನ ಬೀರುವಿನಲ್ಲೇ ಇದೆಯಲ್ಲ, ತೆಗೆದು ನೋಡಿ ಎಂದು ನಾನು ಬೇಡಿಕೊಂಡೆ. ಆ ಪುಸ್ತಕ ತೆಗೆಯಲು ಗಿಡ್ಡಮ್ಮನೇ ಅರ್ಜಿ ಹಾಕಬೇಕು, ಆಕೆ ಗಿಡ್ಡಮ್ಮನೆಂದು ಮೊದಲು ರುಜುವಾತಾಗಬೇಕು ಎಂದಿರಿ. ಗಾಣದ ಎತ್ತು ಕೂಡ ತಿರುಗಿ ತಿರುಗಿ ಒಂದಿಷ್ಟು ಎಣ್ಣೆ ಕೊಡುತ್ತದೆ. ತಮ್ಮ ಕಾನೂನು ಕೊಟ್ಟದ್ದೇನು, ಮಾನ್ಯರೇ?

ಬರುವ ಸೋಮವಾರ ಚಿಕ್ಕಮ್ಮನನ್ನು ನಾಲ್ಕನೆಯ ಸಲ ಕರೆತರುತ್ತೇನೆ, ಈ ಸಲ ಡೋಲಿಯಲ್ಲಿ. ಬೀರು ತೆರೆಯಿರಿ, ಪುಸ್ತಕ ಬಿಚ್ಚಿರಿ, ಹಳೆಯ ಗುರುತಿನ ಪಕ್ಕ ಹೊಸದನ್ನು ಒತ್ತಿಸಿ ನೋಡಿರಿ. ಅತ್ತೆ ಆಕೆಯ ಹೆಸರನ್ನಷ್ಟೇ ಬದಲಿಸಿದ್ದು. ಹೆಬ್ಬೆಟ್ಟನ್ನು ತವರಿನಿಂದ ತಂದ ಹಾಗೆಯೇ ಬಿಟ್ಟಿದ್ದಾರೆ.

ಇಂತಿ,
ತಮ್ಮ ಜಗಲಿಯಲ್ಲಿ ಮೂರು ದಿನ ಕೂತು, ತಾನು ಯಾರೆಂದು ತನಗೇ ಅನುಮಾನ ಹತ್ತಿದ
ಓಂಕಾರಪ್ಪ
(ಹುಟ್ಟಿದಂದಿನಿಂದ ಇದೇ ಹೆಸರು, ಸಾಕ್ಷಿಗಳಿಲ್ಲ)