ಒಂದು ಪರಸಿಯಷ್ಟು ಮಣ್ಣು

ಶಹಾಬಾದ, ೨೩ ಏಪ್ರಿಲ್ ೧೯೭೪, ಮಂಗಳವಾರ

ನಾಳೆ ಅಂಗಳಕ್ಕೆಲ್ಲ ಪರಸಿಕಲ್ಲು ಹಾಸುತ್ತಾರೆ. ಮಣ್ಣು ಮುಚ್ಚಿದರೆ ಮಳೆನೀರು ಎಲ್ಲಿ ಇಂಗಬೇಕು? ಎಂಟು ದಿನದಿಂದ ಅಪ್ಪನ ಜೊತೆ ಜಗಳ. ಗಿಡ ನೆಡುವ ಬಗ್ಗೆ ಶಾಲೆಯಲ್ಲಿ ಹಂಚಿದ ಕರಪತ್ರ ಓದಿ ತೋರಿಸಿದೆ.

"ಸಾಕು ಮಾಡೋ ಪಂಡಿತ. ಒಂದ ಪರಸಿ ಬಿಡಸ್ತೀನಿ. ಎಲ್ಲಿ ಅಂತ ಮುಂಜಾನಿ ಹೇಳು."

ಒಂದು ಕಲ್ಲಿನಷ್ಟು ಮಣ್ಣಿನಲ್ಲಿ ನೆಡಬಹುದಾದದ್ದು ಒಂದೇ ಬೇವು. ಪಶ್ಚಿಮಕ್ಕೆ ಹಚ್ಚಬೇಕೆಂದು ಕರಪತ್ರದಲ್ಲಿದೆ. ಸಂಜೆ ಅಳೆಯಲು ಹೋದರೆ ನೆಲದ ತುಂಬ ಸಣ್ಣ ಕುಳಿಗಳು, ನಾಲ್ಕು ನಾಲ್ಕು. ಅಪ್ಪನ ತಾಯಿ, ನಮ್ಮ ಆಯಿ, ಬೇಸಿಗೆಯಿಡೀ ಗೋಡೆಯ ನೆರಳಿನ ಬೆನ್ನು ಹತ್ತಿ ಹೊರಸು ಎಳೆದಲ್ಲೆಲ್ಲ ಆ ಮಂಚದ ಕಾಲು ಊರಿದ ಗುರುತು. ಬಚ್ಚಲ ಹತ್ತಿರ ನಿಂತುಬಿಟ್ಟಿವೆ. ಅಲ್ಲಿಗೆ ನೆರಳು ಮುಗಿಯುತ್ತದೆ.

"ಬೇವು ಇಲ್ಲೇ ಹಚ್ತೀನಿ ಆಯಿ. ಬಚ್ಚಲ ನೀರು ಅದಕ್ಕ."

"ಅದು ದೊಡ್ಡದಾಗೂತನ ಯಮಗ ಏನ್ ಹೇಳಲಿ?"

"ನೆರಳಿಗಿ ಕುಂತೀನಿ, ಆಮ್ಯಾಲ ಬಾ ಅನ್ನು."

ಭಾಳ ನಕ್ಕಳು. ನಾನು ಅಲ್ಲೇ ಹೊರಸಿನ ಮೇಲೆ ಒರಗಿದೆ. ಕಣ್ಣು ಮುಚ್ಚಿದರೆ ಆಕಾಶದ ತುಂಬ ಎಲೆ, ಮುಖದ ಮೇಲೆ ಹಸಿರು ಬೆಳಕು, ಹೂವಿನ ಕಹಿಗಂಪು. ಎಷ್ಟು ಹೊತ್ತು ಹಾಗಿದ್ದೆನೋ. ಕಣ್ಣು ತೆರೆದಾಗ ಆಯಿ ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದಳು.

"ಒಂದ ಪರಸಿ ಸಾಲಂಗಿಲ್ಲೋ. ನಾಕು ಬಿಡಸಂತ ನನ್ನ ಮಗಗ ನಾ ಹೇಳ್ತೀನಿ."