ಅಗಳಿ ಎಳೆಯುವ ಕಡೆ

ಮಾರ್ಚ್ 4, ಸೋಮವಾರ. ಮುಂಜಾನೆ 6
ಲೆವೆಲ್ ಪೈಪಿಗೆ ನೀರು ತುಂಬಿ ಇಟ್ಟೆ. ಆರನೇತ್ತೆಗೆ ಸಾಲಿ ಬಿಟ್ಟವ, ಬರದಿಡದಿದ್ರ ಅಳತೆ ಮರೀತೇನಿ. ಇವತ್ತು ಶಹಾಬಜಾರದಾಗ ಕೆಲಸ. ಶಿವಕಾಂತಮ್ಮನವರ ತವರುಮನಿ ಕೆಡವಾಕತ್ತಾರ. ಅದರ ತಲಬಾಗಿಲು ತಂದು, ಮಗಳು ಮಲ್ಲಿಕಾ ಟೀಚರು ಕಮಲಾಪುರದಾಗ ಕಟ್ಟಸಾಕತ್ತಿದ ಮನಿಗೆ ಕೂಡಿಸಬೇಕು. ಮೇಸ್ತ್ರಿಯಾಗಿ ನನ್ನ ಮೊದಲ ಮನಿ. ಒಪ್ಪಿಕೊಳ್ಳಬಾರದಿತ್ತೋ ಏನೋ.

ಸಂಜೆ 7
ಏನು ಮನಿ ಅದು... ಕಲ್ಲು-ಮಣ್ಣಿನ ಗೋಡಿ, ಎರಡು ಮೊಳ ದಪ್ಪ. ಮಾಳಿಗ್ಯಾಗ ಬೆಳಕಿಂಡಿ. ಪಡಸಾಲಿಗೆ ನಿಜಾಮರ ಕಾಲದ ಕಮಾನು. ಹಿತ್ತಲಕಡೆ 1980ರ ಸುಮಾರಿನ ಸ್ಲ್ಯಾಬು. ಒಂದೇ ಮನ್ಯಾಗ ಮೂರು ಕಾಲ. ಬಾಗಿಲ ಹಿಂದ, ಎಡಗೋಡಿಯೊಳಗಿಂದ ಬಾಗಿಲಿಗೆ ಅಡ್ಡ ಹಾಕೋ ಮರದ ಅಗಳಿ ಎಳದೆ — ಎಳದಷ್ಟೂ ಬಂತು. ನಾಕು ಫೂಟು.
ಶಿವಕಾಂತಮ್ಮ ಅಂದ್ರು: "ಮೌನೇಶ, ಬೋಲ್ಟು-ಗೀಲ್ಟು ಹಚ್ಚಿದ್ರ ನಾ ಗೃಹಪ್ರವೇಶಕ್ಕ ಬರಂಗಿಲ್ಲ ನೋಡು. ಅಗಳಿನೇ ಎಳೀತೇನಿ."

ಮಾರ್ಚ್ 6
ಊಟ ಸೇರವಲ್ದು. ತಪ್ಪು ಮಾಡೀನಿ. ಅಗಳಿ ಎಡಗೋಡಿಯೊಳಗ ಹೋಗಬೇಕು. ಕಮಲಾಪುರದ ಮನ್ಯಾಗ ಅಲ್ಲೇ ಸಿಮೆಂಟಿನ ಕಾಲಂ ಎಬ್ಬಿಸೀನಿ, ನಾನೇ. ತೂತು ಹೊಡದ್ರ ಮ್ಯಾಲಿನ ಸ್ಲ್ಯಾಬು... ಹಳೇ ಮಂದಿಗೆ ಕಾಲಂ ಎಲ್ಲಿತ್ತು, ಗೋಡಿನೇ ಎಲ್ಲಾ ಭಾರ ಹೊರತಿತ್ತು. ತಲಿಗೆ ಹೊಳೀಲಿಲ್ಲ.
ಬಲಕ್ಕ ತಿರುವೋಣಂದ್ರ, ಚೌಕಟ್ಟಿನ ಬಲಕ್ಕ ಅಗಳಿ ತುದಿ ಕೂಡೋ ಗುಣಿ ಅಷ್ಟೇ, ಆರಪಾರ ತೂತಿಲ್ಲ. ಬಡಿಗ ಕರೀಂಸಾಬ್ ಹೇಳ್ದ: "ತೂತು ಹೊಡೀತೇನಿ. ಸಾಗವಾನಿ ಸೀಳಿದ್ರ ನಾ ಜಿಮ್ಮೆದಾರ ಅಲ್ಲ."
ಗೃಹಪ್ರವೇಶ 15ಕ್ಕ.

ಮಾರ್ಚ್ 11
ಶಿವಕಾಂತಮ್ಮಗ ಇನ್ನಾ ಹೇಳಿಲ್ಲ. ಇವತ್ತು ಚೌಕಟ್ಟಿನ ಬಣ್ಣ ಕೆರದ್ವಿ. ಮ್ಯಾಲೆ ನೀಲಿ, ಕೆಳಗ ಹಸರು, ಅದರ ಕೆಳಗ ಕೆಮ್ಮಣ್ಣು. ಬಲಗಡೆ ಗುಣಿ ತಳದಾಗ ಬ್ಯಾರೆ ಕಟ್ಟಿಗಿ ಕಂಡಿತು. ಕರೀಂಸಾಬ್ ಉಳಿ ಇಟ್ಟು ಒಂದೇ ಏಟು — ತೂತಿಗೆ ಬಡದಿದ್ದ ಬಿರಡಿ ಉದುರಿತು. ಆರಪಾರ ತೂತು.
"ಅರೆ, ಇದಕ್ಕ ಶಹಾಬಜಾರ ಮೊದಲ ಮನಿ ಅಲ್ಲೋ ಮೌನೇಶ. ಎಲ್ಲಿಂದಲೋ ತಂದು ನಿನ್ನಂಥವನೇ ಯಾವನೋ ಅಗಳಿ ಎಡಕ್ಕ ತಿರುವ್ಯಾನ."
"ನನ್ನಂಥವ ಅಂದ್ರ?"
"ಮೊದಲ ಗೋಡಿ ಕಟ್ಟಿ ಆಮ್ಯಾಲ ಬಾಗಿಲ ನೋಡೋನು."
ನಕ್ಕೆ. ಎಷ್ಟು ದಿನಕ್ಕ. ಎರಡು ತಟ್ಟಿ ಊಟ.

ಮಾರ್ಚ್ 15, ಶುಕ್ರವಾರ. 8 ಗಂಟೆ
ಬಲಗೋಡಿ ಒಡದು, ನಡುವ ಅಗಳಿಗೆ ಪೊಳ್ಳು ಬಿಟ್ಟು ಮತ್ತ ಕಟ್ಟೀನಿ. ಸಿಮೆಂಟು ಪೂರಾ ಗಟ್ಟಿಯಾಗಿಲ್ಲ. ಜಗ್ಗಿದ್ರ ಕಿತ್ತು ಬಂದ್ರ?
ಶಿವಕಾಂತಮ್ಮ ಬಂದ್ರು. "ಎಲ್ಲಾರೂ ಹೊರಗ ನಿಂದರ್ರಿ. ನಾ ಒಬ್ಬಾಕಿ ಹಾಕಿ ನೋಡ್ತೇನಿ."
"ಅಗಳಿ ಈಗ ಬಲಕ್ಕ ಐತ್ರೀ..."
"ಕಣ್ಣದಾವ ನನಗ."
ಬಾಗಿಲು ಮುಚ್ಯಾರ. ಕಟ್ಟಿ ಮ್ಯಾಲ ಕುಂತು ಬರಿಯಾಕತ್ತೀನಿ, ಕೈ ಸುಮ್ಮನಿರವಲ್ದು. ಒಳಗ ಕಟ್ಟಿಗಿ ಸರದ ಸದ್ದು. ನಿಂತಿತು. ಕೆಟ್ಟಿತು... ಇಲ್ಲ, ಮತ್ತ ಸರೀತು. ಟಕ್.
ಕರೀಂಸಾಬ್ ಎರಡೂ ಕೈಲಿ ದೂಡಿದ. ಅಲುಗಲಿಲ್ಲ.
ಒಳಗಿಂದ ಮುದುಕಿ — "ಯಾರ್ರೀ ಅದು? ಯಾರು ಬೇಕಿತ್ತು?"
ಎಲ್ಲಾರೂ ನನ್ನ ಕಡೆ ನೋಡಾಕತ್ತಾರ. ಬರಿಯೋದು ಬಿಟ್ಟು ಏಳತೇನಿ, "ನಾನ್ರೀ, ಮೌನೇಶ ಮೇಸ್ತ್ರಿ" ಅಂತ ಹೇಳಬೇಕು.