ಬುದ್ಧಿ ಹೇಳಿ ಕಳುಹಿಸಲಾಯಿತು

ಗದಗ
ಫೆಬ್ರುವರಿ ೩೦, ೨೧೮೪

ಠಾಣೆಯಲ್ಲಿ ಕುಳಿತು ದೂರು ಬರೆದುಕೊಳ್ಳುವ ಹಿರಿಯರೇ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳು ವರ್ಷದ ಕೊನೆಯ ರಜೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಕಲ್ಲೇಶ ಹೊಸಮನಿ. ನನ್ನ ಹೆಂಡತಿ ಶಾಲ್ಮಲಾ ಹುಬ್ಬಳ್ಳಿಗೆ ತೇಲುಬಂಡಿ ಓಡಿಸುತ್ತಿದ್ದಳು. ನೆಲ ಮುಟ್ಟದೆ ಹೋಗುವ ನಮ್ಮ ಬಸ್ಸು ಅದು. ಬಸವಂತ ಎಂಬವನು ಅದರ ಕಂಡಕ್ಟರ್. ಅವಳು ಏಳು ನಿಮಿಷ ತಡವಾಗಿ ಬಂದರೆ, ಆ ಏಳು ನಿಮಿಷದಲ್ಲಿ ಏನೇನು ನಡೆದಿರಬಹುದೆಂಬುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಅವಳ ಊಟದ ಡಬ್ಬಿ ತೆರೆದು ಮೂಸುತ್ತಿದ್ದೆ. ಒಂದು ಮಧ್ಯಾಹ್ನ ಅದರಲ್ಲಿ ಗುರೆಳ್ಳು ಚಟ್ನಿ ಅಂಟಿಕೊಂಡಿತ್ತು. ನಮ್ಮ ಮನೆಯಲ್ಲಿ ಗುರೆಳ್ಳು ತರುವುದೇ ಇಲ್ಲ. ಅವಳ ಕುತ್ತಿಗೆಗೆ ಕೈಹಾಕಿದೆ. ಗಾಯವೇನೂ ಆಗಲಿಲ್ಲ.

ಮರುದಿನ ಅವಳು ದೂರು ಕೊಟ್ಟಳು. ಮುಂಗಾವಲಿನವರು ಬಂದರು, ಅನಾಹುತಕ್ಕೆ ಮೊದಲೇ ಮನೆಗೆ ಬಂದು ಅಪಾಯ ಎಷ್ಟಿದೆಯೆಂದು ಅಳೆಯುವ ಪೊಲೀಸರನ್ನು ನಾವು ಹಾಗೆನ್ನುತ್ತೇವೆ. ಹವಾಲ್ದಾರ್ ಮೆಹರುನ್ನಿಸಾ ನನ್ನನ್ನು ಹೊರಗೆ ಕೂರಿಸಿ ಅವಳನ್ನು ಒಳಗೆ ಮಾತಾಡಿಸಿದರು. ಆ ಮಾತು ನನ್ನ ಕಿವಿಗೆ ಬಿದ್ದದ್ದು ಆಮೇಲೆ, ಕೋರ್ಟಿನಲ್ಲಿ.

“ಕುತ್ತಿಗಿಗೆ ಕೈ ಹಾಕ್ಯಾನೇನವಾ?”

“ಒಮ್ಮೆ ರೀ. ಮೆಲ್ಲಕ.”

“ಉಸಿರು ಕಟ್ಟಿತ್ತೇನು?”

“ಕಣ್ಣಿಗೆ ಕತ್ತಲಿ ಬಂತ್ರಿ.”

ಅಷ್ಟಕ್ಕೇ ನಾನು ಸಂಜೆಯೊಳಗೆ ಮನೆ ಬಿಡಬೇಕಾಯಿತು.

“ನಾ ಹೊಡದೇ ಇಲ್ರಿ!” ಎಂದು ಕೂಗಾಡಿದೆ.

“ಹೊಡೀಲಿ ಅಂತ ಕಾಯೂದು ನಮ್ಮ ಕೆಲಸ ಅಲ್ಲಪಾ,” ಎಂದರು ಮೆಹರುನ್ನಿಸಾ.

ನನ್ನಂಥ ಗಂಡಂದಿರನ್ನು ಇರಿಸುವ ದೂರಮನೆಯಲ್ಲಿ ಹಳೆಯ ಠಾಣೆಗಳ ಕಡತ ಓದಿಸುತ್ತಾರೆ. ನನಗೆ ಸಿಕ್ಕಿದ್ದು ನಿಮ್ಮ ಕಾಲದ್ದು. ಗಂಡ ಕುತ್ತಿಗೆ ಹಿಸುಕಿದನೆಂದು ಶಿವಲೀಲಾ ಎಂಬಾಕೆ ದೂರು ಕೊಟ್ಟಿದ್ದಳು. ಕೆಳಗೆ ಒಂದೇ ಸಾಲು: ‘ಇಬ್ಬರಿಗೂ ಬುದ್ಧಿ ಹೇಳಿ ಕಳುಹಿಸಲಾಯಿತು.’ ಆ ಗಂಡನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ ಎರಡು ದಿನ ಊಟ ಸೇರಲಿಲ್ಲ. ಅವನು ಹೆಂಡತಿಯನ್ನು ಕರೆದುಕೊಂಡು ಮನೆಗೆ ಹೋದನಲ್ಲ! ಮೂರನೆಯ ದಿನ ಹಾಳೆ ತಿರುವಿದೆ. ಹನ್ನೊಂದು ದಿನಗಳ ನಂತರದ ತಾರೀಖಿನಲ್ಲಿ ಅದೇ ಶಿವಲೀಲಾಳ ಶವದ ಪಂಚನಾಮೆ ಇತ್ತು.

ಶಾಲ್ಮಲಾ ಬದುಕಿದ್ದಾಳೆ. ಬಸವಂತನ ಜೊತೆಯಲ್ಲ, ಧಾರವಾಡದಲ್ಲಿ ತನ್ನ ಅಕ್ಕನ ಜೊತೆ. ಈಗ ಚೆನ್ನಾಗಿ ನಗುತ್ತಾಳಂತೆ. ಯಾರ ಮಾತಿಗೆ ನಗುತ್ತಾಳೆಂಬ ಉರಿ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕಾಗಿಯೇ ಈ ಕಾಗದ.

ನನ್ನಂಥವನೊಬ್ಬ ನಿಮ್ಮೆದುರು ಬಂದು, ಪ್ರೀತಿ ಹೆಚ್ಚಾಗಿ ಹೀಗಾಯಿತು ಸಾಹೇಬರೇ ಎಂದು ಅಳಬಹುದು. ಆ ಕಣ್ಣೀರು ನಿಜವೇ ಇರುತ್ತದೆ. ಆದರೂ ಅವನನ್ನು ಅವಳಿರುವ ಮನೆಗೆ ಕಳುಹಿಸಬೇಡಿ.